ಲಗ್ಗೆರೆಗೆ ಬಂದ ಕೆಡೆಟ್

ಹಡಗಿನ ತರಬೇತಿಯಿಂದ ಲಗ್ಗೆರೆಗೆ ರಜೆಗೆ ಬಂದಿರುವ ಕೆಡೆಟ್ ರೇವಣಸಿದ್ದನಿಗೆ ತುಕ್ಕು ಕಂಡರೆ ಕೈ ಸುಮ್ಮನಿರುವುದಿಲ್ಲ. ಹಡಗಿನಲ್ಲಿ ಕಲಿತ ಮೊದಲ ವಿದ್ಯೆಯೇ ಅದು. ಬೀದಿಯ ಗೇಟುಗಳನ್ನೆಲ್ಲ ಕುಟ್ಟಿ, ಕೆರೆದು, ಬಣ್ಣ ಬಳಿದಾಯಿತು. “ಹಡಗ ನಡಸಾಕ ಹೋಗಿದ್ಯೋ, ತುಕ್ಕು ಕೆರಿಯಾಕ ಹೋಗಿದ್ಯೋ?” ಎಂದು ತಾಯಿ ಶೇಖವ್ವ ಗದರಿದರೆ, “ಕೆರೀದಿದ್ರ ಹಡಗ ಉಳೀತೈತೇನವ್ವಾ?” ಎಂದು ಎದೆಯುಬ್ಬಿಸುತ್ತಾನೆ. ಅವಳು ಬಟ್ಟೆ ಒಣಹಾಕುವ ಹಗ್ಗಕ್ಕೂ ಬಿರುಗಾಳಿ ತಡೆಯುವ ಗಂಟು ಹಾಕಿದ್ದಾನೆ. ಮೊನ್ನೆ ಮನೆ ಓನರ್ ಹಗ್ಗ ಕಟ್ಟಿ ಮೂರನೇ ಮಹಡಿಗೆ ಏರಿಸುತ್ತಿದ್ದ ನೀರಿನ ಟ್ಯಾಂಕು ಗಂಟು ಜಾರಿ ಜನರ ಪಕ್ಕದಲ್ಲೇ ಬಿತ್ತು. ಇವನು ತನ್ನ ಗಂಟು ಬಿಗಿದು, “ಎಳೀರಿ! ತಡೀರಿ!” ಎಂದು ಗರ್ಜಿಸಿದ, ಟ್ಯಾಂಕು ಅಲುಗದೆ ಮೇಲೇರಿತು. ಕಿಟಕಿ ಕಿಟಕಿಯಿಂದಲೂ ಚಪ್ಪಾಳೆ. “ಕ್ಯಾಪ್ಟನ್, ಇನ್ನು ಇಲ್ಲೇ ಇಳಿಸ್ಲಾ?” ಎಂದು ಓನರ್ ಮೇಲಿಂದ ಕೂಗಿದರು. ಹಡಗಿನಲ್ಲಿ ವರ್ಷವಿಡೀ ‘ಏ ಕೆಡೆಟ್’ ಎಂದಷ್ಟೇ ಕರೆಸಿಕೊಂಡಿದ್ದವನು ಥಟ್ಟನೆ ನೆಟ್ಟಗೆ ನಿಂತು, ಕ್ಯಾಪ್ಟನ್ ಬಂದರೇನೋ ಎಂದು ಹಿಂದೆ ತಿರುಗಿ ನೋಡಿದ. “ನಿನ್ನನ್ನ ಕರ್ಯಾಕತ್ತಾರೋ!” ಎಂದಳು ಶೇಖವ್ವ, ಇಡೀ ಬೀದಿಗೆ ಕೇಳುವಂತೆ.