ಹೆಬ್ಬೆರಳಿನಿಂದ ತೋರಿಸುವ ಭಾಷೆ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಚಹಾಕ್ಕೆ ಮಜ್ಜಿಗೆ ಹುಲ್ಲು ಬಿದ್ದಿತ್ತು. ಲೋಟ ಮೂಗಿನ ಹತ್ತಿರ ಬಂದದ್ದೇ ತಡ, ಹಾನಗಲ್ಲಿನ ಚಿಗವ್ವನ ಹಿತ್ತಿಲು ನೆನಪಾಯಿತು. ಚಿಗವ್ವ ಅದನ್ನು ಮಜ್ಜಿಗೆ ಹುಲ್ಲು ಎನ್ನುವುದಿಲ್ಲ, ‘ಸೆರಾಯ್’ ಎನ್ನುತ್ತಾಳೆ. ಅದು ಮಲಯ ಭಾಷೆಯ ಹೆಸರು. ಹಾನಗಲ್ಲಿನಲ್ಲಿ ಮಲಯ ಭಾಷೆಗೇನು ಕೆಲಸ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಚಿಗವ್ವ ನನ್ನ ಅವ್ವನ ತಂಗಿ. ಅವಳ ಗಂಡ, ನಮ್ಮ ಕಾಕಾ, ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ಯಾರದೋ ಕಡೆಯಿಂದ ಅವನಿಗೆ ಮಲೇಷ್ಯಾದಲ್ಲಿ, ಕೆಡಾ ಎಂಬ ಭತ್ತದ ಸೀಮೆಯ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಗಂಡಹೆಂಡಿರು ಹೋಗಿ ಹಲವು ವರ್ಷ ಇದ್ದು ಬಂದರು. ಬಂಗಾರ ಬರುತ್ತದೆಂದು ಕಾದು ಕುಳಿತಿದ್ದ ನಮ್ಮ ಬಳಗಕ್ಕೆ ಬಂದದ್ದು ಒಂದು ಭಾಷೆ.

ಆ ಗಿರಣಿಯಲ್ಲಿ ತಮಿಳರಿದ್ದರಂತೆ, ಚೀನೀಯರಿದ್ದರಂತೆ, ನೇಪಾಳದವರು, ಗಡಿಯಾಚೆಯ ಥಾಯ್ ಜನ. ಎಲ್ಲರೂ ಕೂಡಿದಾಗ ಮಾತು ಮಲಯದಲ್ಲಿ. ಹಡಗಿನ ವ್ಯಾಪಾರಿಗಳ ಬಾಯಲ್ಲಿ ದ್ವೀಪದಿಂದ ದ್ವೀಪಕ್ಕೆ ತಿರುಗಿದ ಭಾಷೆ ಅದು. ಹೊಸಬರು ತೊದಲಿದರೆ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಚಿಗವ್ವ ಹೇಳುತ್ತಿದ್ದಳು. ಬೆಂಗಳೂರಿಗೆ ಹೋದಾಗಲೆಲ್ಲ ನನ್ನ ಕನ್ನಡವನ್ನೇ ತಿದ್ದಿಸಿಕೊಂಡು ಬರುವ ನನಗೆ ಇದು ಹೊಟ್ಟೆಕಿಚ್ಚಿನ ಸಂಗತಿಯಾಗಿತ್ತು. ಭಾಷೆಗೆ ಅವರು ‘ಬಹಾಸ’, ಹೆಸರಿಗೆ ‘ನಾಮ’, ಗುರುವಿಗೆ ‘ಗುರು’ ಎಂದೇ ಅನ್ನುತ್ತಾರೆಂದು ತಿಳಿದಾಗ ಮಾತ್ರ ಪರವೂರಿನ ಸಂತೆಯಲ್ಲಿ ಬೀಗರು ಸಿಕ್ಕಷ್ಟು ಹಿಗ್ಗಿದೆ.

ಭಾಷೆಯ ಜೊತೆಗೆ ಒಂದು ರೂಢಿಯೂ ಬಂದಿತ್ತು. ಅಲ್ಲಿ ಯಾರತ್ತಲೂ ತೋರುಬೆರಳು ಚಾಚಬಾರದು, ಅದು ಒರಟುತನ. ನಾಲ್ಕೂ ಬೆರಳು ಮಡಿಚಿ, ಮೇಲೆ ಹೆಬ್ಬೆರಳಿಟ್ಟು, ಅದರಿಂದ ತೋರಿಸಬೇಕು. ಚಿಗವ್ವ ಸಂತೆಯ ಬದನೆಕಾಯಿಗೂ ಅದೇ ಮರ್ಯಾದೆ ಕೊಟ್ಟಳು. ಓಣಿಯವರು ಪಾಪ, ಅವಳ ಬೆರಳಿಗೆ ಏನೋ ಆಗಿದೆಯೆಂದು ಎಣ್ಣೆ ಕಾಸಿ ತಂದುಕೊಟ್ಟರು.

ಮನೆಯೊಳಗೆ ಇಬ್ಬರದೂ ಮಲಯವೇ. ಜಗಳವನ್ನೂ ಅದರಲ್ಲೇ ಆಡುತ್ತಿದ್ದರು, ನಮಗೆ ತಿಳಿಯಬಾರದೆಂದು. ಕಾಕಾ ತೀರಿಕೊಂಡ ಮೇಲೆ ಹಾನಗಲ್ಲಿನಲ್ಲಿ ಆ ಭಾಷೆಗೆ ಉಳಿದದ್ದು ಒಂದೇ ಬಾಯಿ. ಒಮ್ಮೆ ನಾನು ಹೋದಾಗ ಚಿಗವ್ವ ಹಿತ್ತಿಲಲ್ಲಿ ಸುಮ್ಮನೆ ಕುಳಿತಿದ್ದಳು.

“ಗ್ವಾಡಿ ಜೋಡಿ ಎಷ್ಟಂತ ಮಾತಾಡ್ಲಿ?” ಎಂದಳು. “ಒಂದೊಂದ ಶಬ್ದ ಬಿಟ್ಟು ಹೊಂಟಾವ. ಅವೂ ಹೋದ್ವು ಅಂದ್ರ ನಿಮ್ಮ ಕಾಕಾ ಪೂರಾ ಹೋದಂಗ.”

ಸಂತೆಗೆ ಹೋಗಿ ಬರೋಣವೆಂದು ಅವಳನ್ನು ಎಬ್ಬಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟೆ.

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಎಲ್ಲೆಲ್ಲಿಂದಲೋ ಬೌದ್ಧ ಯಾತ್ರಿಕರು ಬರುವುದು ನಿಮಗೆ ಗೊತ್ತಿರಬಹುದು. ಹಾಗೆ ಹೊರಟಿದ್ದ ಇಂಡೋನೇಷ್ಯಾದ ಮುದುಕಿಯೊಬ್ಬಳ ಗಾಡಿ ಅದೇ ಸುಮಾರಿಗೆ ಹಾನಗಲ್ಲಿನಲ್ಲಿ ಕೆಟ್ಟಿತು. ಜೊತೆಗಿದ್ದ ಮಗಳು ಡ್ರೈವರನೊಂದಿಗೆ ಗ್ಯಾರೇಜು ಹುಡುಕಿಕೊಂಡು ಹೋಗಿದ್ದಳು. ಮುದುಕಿ ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ಚೀಲ ಅವುಚಿಕೊಂಡು ನಿಂತಿದ್ದಳು. ಸುತ್ತ ಜನ. ಎಲ್ಲರೂ ತೋರುಬೆರಳು ಚಾಚಿ ನೆರಳಿಗೆ ಹೋಗೆಂದು ಹೇಳುವವರೇ. ಅವಳು ಇನ್ನಷ್ಟು ಮುದುಡುತ್ತಿದ್ದಳು. ನಾನೂ ನನ್ನ ಇಂಗ್ಲಿಷನ್ನೆಲ್ಲ ಸುರಿದು ನೋಡಿದೆ. ಅವಳು ಹೆದರಿ ಹಿಂದೆ ಸರಿದಳು.

ಎಲ್ಲಿಯವಳೆಂದು ಅವಳ ಚೀಲದ ಚೀಟಿಯಲ್ಲಿ ಓದಿ, ಇಂಡೋನೇಷ್ಯಾದ ಮಾತೂ ಮಲಯದ ತಂಗಿಯೇ ಎಂಬುದು ನೆನಪಾಗಿ, ನನ್ನ ಜೊತೆಗಿದ್ದ ಚಿಗವ್ವನನ್ನು ಮುಂದೆ ತಳ್ಳಿದೆ. ಚಿಗವ್ವ ಬಾಯಿ ತೆರೆದಳು. ಮಾತು ಬರಲಿಲ್ಲ. ಮತ್ತೆ ತೆರೆದಳು. ಅಷ್ಟರಲ್ಲಿ ಅವಳ ಬಲಗೈ ತಾನಾಗಿಯೇ ಮೇಲೆದ್ದು, ಬೆರಳು ಮಡಿಚಿ, ಹೆಬ್ಬೆರಳಿನಿಂದ ನೆರಳಿನ ಬೆಂಚು ತೋರಿಸಿತು.

ಮುದುಕಿ ಆ ಕೈಯನ್ನೇ ನೋಡಿದಳು. “ಇಬು,” ಎಂದಳು. ಅಮ್ಮಾ ಎಂದಂತೆ.

“ಸುದಾ ಮಾಕಾನ್?” ಎಂದಳು ಚಿಗವ್ವ. ಊಟ ಆಯಿತೇ? ನಮ್ಮಂತೆ ಅವರೂ ಎದುರಾದವರನ್ನು ಮೊದಲು ಕೇಳುವುದು ಇದನ್ನೇ.

ಆಮೇಲೆ ಇಬ್ಬರನ್ನೂ ಹಿಡಿಯುವವರಿರಲಿಲ್ಲ. ಒಬ್ಬಳದು ಕೆಡಾದ ಗಿರಣಿಯ ಮಲಯ, ಇನ್ನೊಬ್ಬಳದು ಇಂಡೋನೇಷ್ಯಾದ್ದು. ಆಗುತ್ತದೆ ಎನ್ನಲು ಇವಳು ‘ಬೋಲೆ’ ಎಂದರೆ ಅವಳು ‘ಬಿಸಾ’ ಎನ್ನುತ್ತಿದ್ದಳಂತೆ. ನಗುತ್ತಿದ್ದರು, ಒಬ್ಬರನ್ನೊಬ್ಬರು ತಿದ್ದಲಿಲ್ಲ. ಮಗಳು ಬಂದು ಕರೆದಾಗ ಮುದುಕಿ ಎದ್ದದ್ದು ಒಲ್ಲದ ಮನಸ್ಸಿನಿಂದ.

ಮನೆಗೆ ಬರುವ ದಾರಿಯಲ್ಲಿ ಚಿಗವ್ವ ನನ್ನ ತೋಳು ಹಿಡಿದುಕೊಂಡಳು.

“ಎಲ್ಲಾ ಅದಾವ ನೋಡೋ,” ಎಂದಳು. “ಎಲ್ಲೂ ಹೋಗಿಲ್ಲ.”

ಚಹಾ ಮುಗಿಸಿ, ರೊಟ್ಟಿ-ಪಲ್ಯ ಹೊಟ್ಟೆತುಂಬ ತಿಂದು, ಈಗಷ್ಟೇ ಅವಳಿಗೆ ಫೋನ್ ಮಾಡಿದೆ. ಎತ್ತಿದವಳೇ ಎಂದಿನಂತೆ ಕೇಳಿದಳು, “ಸುದಾ ಮಾಕಾನ್?”

ಆ ಭಾಷೆಯಲ್ಲಿ ‘ಬೆಲುಂ’ ಎಂಬ ಮಾತಿದೆ. ಇನ್ನೂ ಇಲ್ಲ ಎಂದು ಅರ್ಥ. ಮದುವೆಯಾಯಿತೇ ಎಂದರೆ ಅಲ್ಲಿನ ಮುದಿ ಬ್ರಹ್ಮಚಾರಿಯೂ ಇಲ್ಲ ಎನ್ನುವುದಿಲ್ಲವಂತೆ, ಬೆಲುಂ ಎನ್ನುತ್ತಾನಂತೆ.

“ಬೆಲುಂ,” ಎಂದೆ.

ಇನ್ನೂ ಯಾಕೆ ಉಂಡಿಲ್ಲವೆಂದು ಅವಳು ಮಲಯದಲ್ಲಿ ಬೈಯತೊಡಗಿದಳು. ಹಿಂದೆ ಕಾಕಾನನ್ನು ಬೈಯುತ್ತಿದ್ದ ದನಿಯಲ್ಲೇ. ಅರ್ಧ ತಿಳಿಯಲಿಲ್ಲ. ಮುಗಿಯುವವರೆಗೂ ಫೋನ್ ಕಿವಿಗೆ ಹಿಡಿದು ಕುಳಿತಿದ್ದೆ.