ಟೀಚರ್ ಹತ್ತುತ್ತಿದ್ದ ಸ್ಟೂಲು

ವೈಯಾಲಿಕಾವಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಂಗ್ಲಿಷ್ ಟೀಚರ್ ತುಂಬಾ ಕುಳ್ಳಗಿದ್ದರು. ತಾರಸಿಯಲ್ಲಿ ಬಟ್ಟೆ ಹರವಲು ಮರದ ಸ್ಟೂಲು ಹತ್ತುತ್ತಿದ್ದರು. ಏನು ಕೇಳಿದರೂ "ಕಣ್ಣಲ್ಲಿ ನೋಡಿ ಹೇಳಮ್ಮ" ಎನ್ನುತ್ತಿದ್ದರು.

ಒಮ್ಮೆ ಮಗಳ ಶಾಲೆಯ ಮೀಟಿಂಗಿನಲ್ಲಿ, ಅವಳು ಕ್ಲಾಸಿಗೇ ಎತ್ತರ ಎನ್ನಲು ಹೋಗಿ ನಾನು ಇಂಗ್ಲಿಷಿನಲ್ಲಿ 'ಟಾಲ್' ಬದಲು 'ಹೈ' ಎಂದುಬಿಟ್ಟೆ. ಅವಳು ಮರದ ಮೇಲೆ ಕೂತಿದ್ದಾಳೇನೋ ಎಂಬಂತೆ ಎಲ್ಲರೂ ನಕ್ಕರು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಮನೆಗೆ ಬಂದು ಪಕ್ಕದ ಮನೆ ಟೀಚರ್ ಮುಂದೆ ಕಣ್ಣೀರಿಟ್ಟೆ. ಅವರು ಸ್ಟೂಲು ಹತ್ತಿ ನಿಂತರು.

"ಕಣ್ಣಲ್ಲಿ ನೋಡಿ ಹೇಳಮ್ಮ, ನಾನೀಗ ಟಾಲ್ ಆದ್ನಾ?"

"ಅಯ್ಯೋ, ನೀವೆಲ್ಲಿ ಆಗ್ತೀರ ಟೀಚರ್!"

"ಮತ್ತೆ? ನಿಂತಿರೋ ಜಾಗ ಹೈ, ಅಷ್ಟೆ. ತೆಂಗಿನಮರ ಟಾಲ್, ಅದರ ಮೇಲೆ ಸುತ್ತೋ ಹದ್ದು ಹೈ."

"ಹಾಗಾದ್ರೆ ಮಗಳ ಪುಸ್ತಕದಲ್ಲಿ ಟವರಿಂಗ್ ಅಂತಿದೆಯಲ್ಲ, ಹಾಗಂದ್ರೆ?"

"ಪಕ್ಕದಲ್ಲಿರೋದೆಲ್ಲಾ ಚಿಕ್ಕದಾಗಿ ಕಾಣ್ಬೇಕು. ನಮ್ಮ ಬೀದೀಲಿ ಅಂಥದ್ದಿಲ್ಲ ಬಿಡು."

ಮುಂದಿನ ಮೀಟಿಂಗಿಗೆ ಹೋದೆ, ಮಾತೂ ಆಡಿದೆ.

ಟೀಚರ್ ತೀರಿಕೊಂಡು ಮೂರು ವರ್ಷವಾಯಿತು. ಅವರ ಮನೆ ಕೆಡವುವಾಗ ಸ್ಟೂಲನ್ನು ನಾನು ಕೇಳಿ ತಂದುಕೊಂಡೆ. ಅಲ್ಲೀಗ ಆರಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿದೆ. ನಮ್ಮ ತಾರಸಿಗೆ ಹತ್ತು ಗಂಟೆಯವರೆಗೆ ಬಿಸಿಲಿಲ್ಲ.

"ಟವರಿಂಗ್ ಅಂದ್ರೆ ಇದೇ ಅಲ್ವಾಮ್ಮ?" ಎಂದಳು ಮಗಳು.

"ಇಲ್ಲ ಕಣೆ, ಅದು ಬರೀ ಟಾಲ್. ಟವರಿಂಗ್ ಅನ್ನೋ ಹಾಗೆ ನಮ್ಮ ಬೀದೀಲಿ ಇದ್ದಿದ್ದು ಒಬ್ರೇ" ಎಂದು ಟೀಚರ್ ಸ್ಟೂಲು ಹತ್ತಿ ಒದ್ದೆ ಬಟ್ಟೆ ಹರವಿದೆ.