ಕನ್ನಡಿಯಕ್ಕ ಕೆಟ್ಟದಾಗಿ ಒರೆಸಲು ಕಲಿತದ್ದು

ಗಾಜು ಒರೆಸುವುದರಲ್ಲಿ ತನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಎಂದು ಕನ್ನಡಿಯಕ್ಕ ಇಪ್ಪತ್ತೆರಡು ವರ್ಷಗಳಿಂದ ಹೇಳಿಕೊಂಡು ಬಂದಿದ್ದಳು. ಕೇಳುವವರು ಸಿಕ್ಕರೆ ಅವರಿಗೆ, ಸಿಗದಿದ್ದರೆ ಬಕೆಟ್ಟಿಗೆ. ಜೊತೆಯ ಕೆಲಸಗಾರರು ಇಟ್ಟ ಅಡ್ಡಹೆಸರು ಅವಳಿಗೆ ಎಷ್ಟು ಹಿಡಿಸಿತ್ತೆಂದರೆ ನಿಜವಾದ ಹೆಸರಿಗೆ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. "ಒರೆಸಿದ ಮೇಲೆ ಅಲ್ಲೊಂದು ಗಾಜಿದೆ ಅಂತಾನೇ ಗೊತ್ತಾಗಬಾರದು. ಅದು ಕೆಲಸ," ಎನ್ನುವಳು. ಹಿಂದೊಮ್ಮೆ ಅವಳು ಒರೆಸಿದ ಬಾಗಿಲಿಗೆ ವಕೀಲರೊಬ್ಬರು ಮೂಗು ಜಜ್ಜಿಕೊಂಡಿದ್ದರು. ಆ ವಿಷಯ ಬಂದರೆ ಸಾಕು, ಅವಳ ಮುಖ ಅರಳುತ್ತಿತ್ತು.

ಅಂಥವಳಿಗೆ ಸಿಕ್ಕಿದ್ದು ಪ್ರಶಸ್ತಿ ಪಡೆದ ಹೊಸ ಕಚೇರಿ. ನಡುವೆ ಅಂಗಳ, ಅಂಗಳದಲ್ಲಿ ಮೂವತ್ತು ಮರ, ಮರಗಳ ಎದುರಿಗೆ ಎರಡು ಅಂತಸ್ತಿನ ಗಾಜಿನ ಗೋಡೆ. ಮೂವತ್ತು ಮರ ಗಾಜಿನಲ್ಲಿ ಅರವತ್ತಾಗಿ ಕಾಣುತ್ತಿದ್ದವು. ಕಟ್ಟಡದ ನಕ್ಷೆ ಬರೆದ ಆರ್ಕಿಟೆಕ್ಟ್ ಸಾಹೇಬರು ಬಾಗಿಲಲ್ಲೇ ಫಲಕ ಹಾಕಿಸಿದ್ದರು: ನಿಸರ್ಗಕ್ಕೂ ಮನುಷ್ಯನಿಗೂ ನಡುವೆ ಇಲ್ಲಿ ಗೋಡೆಯಿಲ್ಲ. ಓದಲು ಬಾರದ ಹಕ್ಕಿಗಳೂ ಇದನ್ನು ನಂಬಿಬಿಟ್ಟವು. ಗಾಜಿನೊಳಗೆ ಕಂಡ ಮರದತ್ತ ಹಾರಿ, ತಲೆ ಒಡೆದುಕೊಂಡು ಕೆಳಗೆ ಬೀಳುತ್ತಿದ್ದವು.

ಅದಕ್ಕೂ ವ್ಯವಸ್ಥೆಯಿತ್ತು. "ಎಲ್ಲರೂ ಬರೋಕೆ ಮುಂಚೆ ಚೀಲಕ್ಕೆ ತುಂಬಿ ಹಿಂದುಗಡೆ ಹೂತುಬಿಡು. ಪ್ರಕೃತಿ ಅಂದ್ರೆ ಪ್ರಾಣ ಬಿಡೋ ಜನ, ನೋಡಿದ್ರೆ ಬೇಜಾರ್ ಮಾಡ್ಕೋತಾರೆ," ಎಂದಿದ್ದರು ಮ್ಯಾನೇಜರ್. ದಿನಕ್ಕೆ ಮೂರು, ನಾಲ್ಕು. ಮೊದಮೊದಲು ಕನ್ನಡಿಯಕ್ಕ ಹಕ್ಕಿಗಳನ್ನೇ ಬೈದಳು: "ಕಣ್ಣು ಎಲ್ಲಿಟ್ಕೊಂಡು ಹಾರ್ತೀರೇ?" ಒಂದು ಬೆಳಿಗ್ಗೆ ಎತ್ತಿಕೊಂಡದ್ದು ಇನ್ನೂ ಬೆಚ್ಚಗಿತ್ತು. ಅಂಗೈಯಲ್ಲಿ ಸ್ವಲ್ಪ ಹೊತ್ತು ಡವಡವ ಎಂದು, ನಿಂತುಹೋಯಿತು. ಅಂದಿನಿಂದ ಅವಳು ಹಕ್ಕಿಗಳನ್ನು ಬೈಯುವುದನ್ನು ಬಿಟ್ಟಳು.

ತನಗೆ ತಿಳಿದಂತೆ ಅವಳು ಪರಿಹಾರವನ್ನೂ ಹುಡುಕಿದಳು. ಗಾಜಿನಲ್ಲಿ ಎಲ್ಲೋ ಮಬ್ಬು ಉಳಿದಿರಬೇಕು, ಪಾಪ ಹಕ್ಕಿಗೆ ಸರಿಯಾಗಿ ಕಾಣುತ್ತಿಲ್ಲ ಎಂದುಕೊಂಡು ದಿನಕ್ಕೆರಡು ಸಲ ಒರೆಸಿದಳು. ನಾಲ್ಕು ಇದ್ದದ್ದು ಏಳಾಯಿತು.

ಅಷ್ಟರಲ್ಲಿ ಏಣಿಯಿಂದ ಇಳಿಯುವಾಗ ಕಾಲು ಉಳುಕಿತು. ಮ್ಯಾನೇಜರ್ ಕೂಡ ರಜೆಯಲ್ಲಿದ್ದ ಆ ಎಂಟು ದಿನ ಅವಳ ಬದಲಿಗೆ ಮೈದುನ ಹೋದ. ಈ ಮೈದುನ ಮನೆಯಲ್ಲಿ ತಾನು ಕುಡಿದ ಲೋಟವನ್ನೂ ಎತ್ತಿಡದ ಮಹಾನುಭಾವ. ಬೈದರೆ ಕೋಪವೂ ಇಲ್ಲ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಜಾತಿ. ಒಂಬತ್ತನೇ ದಿನ ಕುಂಟುತ್ತಾ ಬಂದ ಕನ್ನಡಿಯಕ್ಕನಿಗೆ ಚೀಲ ಮಡಿಸಿದ್ದು ಮಡಿಸಿದಂತೆಯೇ ಸಿಕ್ಕಿತು.

"ಹಕ್ಕಿಗಳನ್ನ ಎಲ್ಲಿ ಹಾಕ್ದೆ?"

"ಯಾವ ಹಕ್ಕಿ ಅತ್ತಿಗೆ?"

"ಸತ್ತಿದ್ವಲ್ಲೋ!"

"ಒಂದೂ ಬಿದ್ದಿಲ್ಲ. ನಾನು ಆರಾಮಾಗಿದ್ದೆ."

ಅವಳು ಗಾಜಿನ ಕಡೆ ನೋಡಿದಳು. ನೋಡಲಾಗದಷ್ಟು ಹೊಲಸು. ಸೋಪು ನೀರು ಎರಚಿ ವೈಪರ್ ಎಳೆದ ಶಾಸ್ತ್ರ ಮಾಡಿದ್ದ, ಮೇಲಿಂದ ಕೆಳಗಿನವರೆಗೆ ಒಣಗಿದ ಗೆರೆಗಳು. ಉಗಿಯಲೆಂದು ಬಾಯಿ ತೆರೆದವಳು ಹಾಗೆಯೇ ಬಕೆಟ್ ಬೋರಲು ಹಾಕಿ ಕುಳಿತಳು. ಇಷ್ಟು ದಿನ ಹಕ್ಕಿಗಳನ್ನು ಕೊಂದದ್ದು ತನ್ನ ಕೈಗುಣ. ಉಳಿಸಿದ್ದು ಈ ಸೋಮಾರಿ. ಎರಡರಲ್ಲಿ ಯಾವುದು ಹೆಚ್ಚು ಉರಿಯಿತೆಂದು ಅವಳನ್ನು ಕೇಳದಿರುವುದೇ ಒಳ್ಳೆಯದು.

ಕೆಟ್ಟದಾಗಿ ಒರೆಸುವುದನ್ನು ಕಲಿಯಲು ಅವಳಿಗೆ ಒಂದು ವಾರ ಹಿಡಿಯಿತು. ಗೆರೆ ಬಿಟ್ಟು ಎರಡು ಹೆಜ್ಜೆ ನಡೆದರೆ ಕೈ ತಾನಾಗಿ ಹಿಂದಿರುಗಿ ಅಳಿಸಿಬಿಡುತ್ತಿತ್ತು. ಹಲ್ಲು ಕಚ್ಚಿಕೊಂಡು ಕಡೆಗೂ ನಾಲ್ಕು ಬೆರಳಗಲಕ್ಕೆ ಒಂದರಂತೆ ಸೋಪಿನ ಗೆರೆ ಉಳಿಸಿದಳು. ಕೆಟ್ಟ ಕೆಲಸವನ್ನೂ ಅಚ್ಚುಕಟ್ಟಾಗಿಯೇ ಮಾಡಿದಳು ಎನ್ನಿ. ಚೀಲ ಖಾಲಿಯೇ ಉಳಿಯಿತು.

ಇನ್ನೊಂದು ಪ್ರಶಸ್ತಿಗೆ ಫೋಟೋ ತೆಗೆಸಲು ಆರ್ಕಿಟೆಕ್ಟ್ ಸಾಹೇಬರು ಬಂದವರು ಹೌಹಾರಿದರು. "ಏನಮ್ಮಾ ಇದು? ಗಾಜು ಕಾಣಿಸ್ತಾ ಇದೆ!"

"ಹೌದು ಸಾರ್. ಈಗ ಹಕ್ಕಿಗೂ ಕಾಣಿಸ್ತಾ ಇದೆ."

ಏಳರ ಕಥೆಯನ್ನೂ ಖಾಲಿ ಚೀಲದ ಕಥೆಯನ್ನೂ ಹೇಳಿದಳು. "ನೀವೇ ಒಂದು ಚೆಂದದ ಗೆರೆ ಬರೆಸಿಬಿಡಿ ಸಾರ್, ಅಳಿಸಿಹೋಗದ ಹಾಗೆ," ಎಂದೂ ಸೇರಿಸಿದಳು. ಸಾಹೇಬರು ನಕ್ಕರು. "ಪಾರದರ್ಶಕತೆ ನನ್ನ ವಿನ್ಯಾಸದ ಆತ್ಮ ಕಣಮ್ಮಾ. ಅದಕ್ಕೆ ಗೀಚೋಕಾಗುತ್ತಾ?" ಅವರ ಹಿಂದೆ ನಿಂತಿದ್ದ ಮ್ಯಾನೇಜರ್ ನಗಲಿಲ್ಲ. "ಸರಿಯಾಗಿ ಒರೆಸ್ತೀಯೋ, ಮನೆಗೆ ಹೋಗ್ತೀಯೋ?"

ಹೋಗುವುದು ದೊಡ್ಡದಲ್ಲ. ತಾನು ಹೋದರೆ ಅಲ್ಲಿಗೆ ಒಬ್ಬ ಒಳ್ಳೆಯ ಕೆಲಸಗಾರ ಬಂದುಬಿಡಬಹುದು ಎಂಬುದೇ ಅವಳ ಭಯ.

"ಕಾಲು ಸರಿಹೋಗಿಲ್ಲ ಸಾರ್, ಏಣಿ ಹತ್ತೋಕಾಗಲ್ಲ," ಎಂದಳು. "ನಮ್ಮ ಮೈದುನನ್ನ ಹಾಕ್ಕೊಳ್ಳಿ. ಒರೆಸೋದ್ರಲ್ಲಿ ನನಗಿಂತ ಒಂದು ಕೈ ಮೇಲು."

ಆ ಮಾತು ಹೊರಬೀಳುವಾಗ ನಾಲಿಗೆ ಸುಟ್ಟಂತಾಯಿತು. ಮ್ಯಾನೇಜರ್ ಮಾತ್ರ, ಕನ್ನಡಿಯಕ್ಕನನ್ನೂ ಮೀರಿಸುವವನನ್ನು ತಾನೇ ಹುಡುಕಿ ತಂದೆನೆಂದು ಮೇಲಧಿಕಾರಿಗಳವರೆಗೂ ಹೇಳಿಕೊಂಡು ಬಂದರು. ಇನ್ನು ಅವನು ಹೇಗೆ ಒರೆಸಿದರೂ ಅದನ್ನು ಚೆನ್ನಾಗಿದೆ ಎನ್ನದೆ ಅವರಿಗೆ ಗತ್ಯಂತರವಿಲ್ಲ.

ಕನ್ನಡಿಯಕ್ಕ ಈಗ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ದಾರಿಯಲ್ಲಿ ಸಿಕ್ಕ ಹಳೆಯ ಜೊತೆಗಾರರು, "ಏನಕ್ಕಾ, ಆ ಸೋಮಾರಿಗೆ ಸೋತ್ಯಂತೆ?" ಎಂದು ಕೆಣಕುತ್ತಾರೆ. ನಿಜ ಹೇಳಿದರೆ ಅದು ಕಚೇರಿಯವರೆಗೂ ಹೋಗುತ್ತದೆ, ಮೈದುನನ ಕೆಲಸ ಹೋಗುತ್ತದೆ, ಗಾಜು ಮತ್ತೆ ಫಳಫಳ ಹೊಳೆಯುತ್ತದೆ.

"ಹೂಂ, ಸೋತೆ," ಎನ್ನುತ್ತಾಳೆ.